ಕೊಂಬು ಹಿಡಿದ ಕೈ, ಹಂದಿಯ ಕೋರೆ

ಹೊಸಬಾಳೆಯ ಮಾರಪ್ಪ ಕುರಿ ಸಾಕುತ್ತಾರೆ. ಸೊರಬ, ಶಿಕಾರಿಪುರದ ಕಡೆಯವರು ಅವರನ್ನು ಗುರುತಿಸುವುದು ಮಾತ್ರ ಹೋರಿ ಹಬ್ಬದಿಂದ. ದೀಪಾವಳಿಯ ನಂತರ ಇಲ್ಲಿ ಹೋರಿಗಳ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಹಾರ ಕೀಳಲು ಹೋದವರನ್ನು ಹೋರಿ ಎತ್ತಿ ಎಸೆಯುತ್ತದೆ, ತುಳಿಯುತ್ತದೆ. ಮಾರಪ್ಪನವರ ಪಕ್ಕೆಲುಬುಗಳು ಹಾಗೆ ಮುರಿದು ಕೂಡಿಕೊಂಡಿವೆ. ಆದರೂ ಅವರು ಕಲಿತ ಕ್ರಮ ಬದಲಾಗಿಲ್ಲ: ಪಕ್ಕದಿಂದ ನುಗ್ಗಬೇಕು, ಬಲಗೈಯಲ್ಲಿ ಕೊಂಬಿನ ಬುಡ ಹಿಡಿಯಬೇಕು, ಬಿಡಬಾರದು.

ಕೊಂಬು ಆ ಹಿಡಿತಕ್ಕೆ ಒಗ್ಗುತ್ತದೆ. ಅದು ತಲೆಬುರುಡೆಯಿಂದಲೇ ಹೊರಟ ಮೂಳೆ; ಮೇಲೆ ನಮ್ಮ ಉಗುರಿನಂಥದೇ ಗಟ್ಟಿ ಕವಚ. ತುದಿ ಚೂಪಾದರೂ ಬುಡ ದುಂಡಗಿರುತ್ತದೆ.

ಹೋದ ವರ್ಷ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿನಲ್ಲಿ ಅವರ ಹೆಂಡತಿ ದುರುಗಮ್ಮ ಹೊಲದಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದರು. ನಾಯಿಗಳು ಅಟ್ಟಿದ ಕಾಡುಹಂದಿಯೊಂದು ಜೋಳದ ಸಾಲಿನಿಂದ ಹೊರನುಗ್ಗಿ ನೇರ ಅವರಿಗೆ ಬಡಿಯಿತು. ಮೊಣಕಾಲ ಮೇಲಿನಿಂದ ತೊಡೆ ಸೀಳಿಹೋಯಿತು. ಬಿದ್ದವರ ಮೇಲೆ ಹಂದಿ ತಿರುಗಿ ಬಂತು.

ಪಕ್ಕದ ಬಯಲಲ್ಲಿ ಕುರಿ ಮೇಯಿಸುತ್ತಿದ್ದ ಮಾರಪ್ಪ ಓಡಿ ಬಂದು ಹೊಡೆದರು. ಹಂದಿಯ ಬೆನ್ನ ಮೇಲೆ ದೊಣ್ಣೆ ಮುರಿಯಿತು, ಹಂದಿ ಕದಲಲಿಲ್ಲ. ಅದರ ಮುಸುಡಿ ದುರುಗಮ್ಮನ ಹೊಟ್ಟೆಯ ಹತ್ತಿರವಿತ್ತು. ಮಾರಪ್ಪ ಪಕ್ಕದಿಂದ ನುಗ್ಗಿದರು. ಬಾಯಿಂದ ಹೊರಚಾಚಿದ್ದನ್ನು ಬಲಗೈಯಲ್ಲಿ ಬುಡಕ್ಕೇ ಹಿಡಿದರು.

ಅದು ಕೊಂಬಲ್ಲ, ಹಲ್ಲು. ಕೆಳದವಡೆಯಲ್ಲಿ ಬೇರೂರಿ ಸಾಯುವ ತನಕ ಬೆಳೆಯುವ ಕೋರೆಹಲ್ಲು. ಬಾಯಾಡಿಸಿದಾಗಲೆಲ್ಲ ಮೇಲಿನ ಕೋರೆ ಅದನ್ನು ಮಸೆಯುತ್ತದೆ; ಅದರ ಅಂಚೇ ಕತ್ತಿ. ಹಂದಿ ಒಮ್ಮೆ ತಲೆ ಕೊಡವಿತು. ಅಂಗೈ ಮೂಳೆಯವರೆಗೆ ತೆರೆದುಕೊಂಡಿತು. ಮಾರಪ್ಪ ಅಭ್ಯಾಸದಂತೆ ಬಿಡಲಿಲ್ಲ. ಅದು ಇನ್ನೊಮ್ಮೆ ಕೊಡವಿತು.

“ಬಿಡ್ರೀ ಅದನ್ನ! ಕಾಲು ಹಿಡೀರಿ, ಹಿಂಗಾಲು!” ದುರುಗಮ್ಮ ಕಿರುಚಿದರು.

ಕುರಿಯನ್ನು ಹಿಡಿಯುವುದೂ ಹಿಂಗಾಲಿಗೇ. ಮಾರಪ್ಪ ಕೋರೆ ಬಿಟ್ಟು, ಎಡಗೈಯಲ್ಲಿ ಹಂದಿಯ ಹಿಂಗಾಲು ಎತ್ತಿ, ಮೊಣಕಾಲಿನಿಂದ ಗುದ್ದಿ ಪಕ್ಕಕ್ಕೆ ಕೆಡವಿದರು. ಮಲಗಿದ್ದಲ್ಲಿಂದಲೇ ದುರುಗಮ್ಮ ಅದರ ಕಿವಿಯ ಕೆಳಗೆ ಕುಡುಗೋಲು ಹಾಕಿದರು. ಎಳೆದು ಮತ್ತೆ ಹಾಕಿದರು. ಹಂದಿಯ ಅರಚಾಟ ನಿಲ್ಲುವವರೆಗೂ ಹಾಕುತ್ತಲೇ ಇದ್ದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಇಬ್ಬರಿಗೂ ಹೊಲಿಗೆ ಬಿತ್ತು. ದುರುಗಮ್ಮನ ಕಾಲು ಉಳಿಯಿತು. ಮಾರಪ್ಪನವರ ಬಲಗೈ ಬೆರಳುಗಳ ನರ ಕಡಿದುಹೋಗಿತ್ತು. ಅವು ಮತ್ತೆ ಮಡಚಿದರೆ ಅಖಾಡಕ್ಕಿಳಿಯಬಹುದು, ಇಲ್ಲದಿದ್ದರೆ ಇಲ್ಲ. ಅವರು ಕೇಳಿದ್ದು ಅದೊಂದನ್ನೇ. ಹೇಳಲಾಗದು ಎಂದರು ವೈದ್ಯರು.

ಮಗಳು ಪವಿತ್ರ ಬೇಸರ ಕಳೆಯಲು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಹಿಮದ ಸಮುದ್ರದ ನಾರ್ವಾಲ್ ಎಂಬ ತಿಮಿಂಗಿಲ; ಮುಖದಿಂದ ಈಟಿಯಂಥದ್ದು ಆಳಿಗಿಂತ ಉದ್ದಕ್ಕೆ ಹೊರಟಿತ್ತು.

“ಎಂಥಾ ಕೊಂಬೇ ಇದು!”

“ಕೊಂಬಲ್ಲಪ್ಪ, ಇದೂ ಹಲ್ಲೇ. ಎಡಗಡೆ ಹಲ್ಲು ತುಟಿ ಸೀಳ್ಕಂಡು ಬಂದಿದ್ದು.”

ಪಕ್ಕದ ಮಂಚದಿಂದ ದುರುಗಮ್ಮ ಹೇಳಿದರು: “ತೋರಿಸ್ಬ್ಯಾಡ ಕಣೇ ಅವ್ರಿಗೆ. ನಾಳೆ ಹಿಡಿಯಾಕೆ ಹೋಗ್ತಾರೆ.”

“ಹಿಡಿದಿದ್ದಕ್ಕೇ ನೀನು ಬದುಕಿದ್ದು.”

“ಕಾಲು ಹಿಡಿದಿದ್ದಕ್ಕೆ. ಹೇಳಿದ್ದು ಯಾರು?”

ಹಬ್ಬ ಬಂತು. ತೋರುಬೆರಳು, ಹೆಬ್ಬೆರಳು ಬಿಟ್ಟರೆ ಉಳಿದವು ಮಡಚಲಿಲ್ಲ. ಮಾರಪ್ಪ ಬೇಲಿಯ ಹೊರಗೆ ನಿಂತರು, ಪಕ್ಕದಲ್ಲಿ ಕೋಲೂರಿಕೊಂಡು ದುರುಗಮ್ಮ. ಶಿಕಾರಿಪುರದ ಕಡೆಯ ಕರಿ ಹೋರಿಯೊಂದು ಒಬ್ಬನನ್ನು ಕೆಡವಿ, ಅವನ ಬೆನ್ನು ತುಳಿದು, ಬೇಲಿಯನ್ನೇ ಉಜ್ಜಿಕೊಂಡು ಬಂತು. ಕೊಂಬು ಕೈಯಳತೆಯಲ್ಲಿತ್ತು. ಮಾರಪ್ಪನವರ ಎಡಗೈ ತಾನಾಗಿ ಬೇಲಿಯ ಗಳುವಿನಾಚೆ ಚಾಚಿತು.

ಹೋರಿ ದಾಟಿಹೋಯಿತು. ಕೈ ಗಾಳಿಯಲ್ಲೇ ಉಳಿದಿತ್ತು. ಮಾರಪ್ಪನವರ ಅಂಗಿಯ ಬೆನ್ನನ್ನು ದುರುಗಮ್ಮ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಊರಿಕೊಂಡಿದ್ದ ಕೋಲು ಕೆಳಗೆ ಬಿದ್ದಿತ್ತು.