ಹಸಿರು ಚೀಟಿ ಇಲ್ಲದ ಮಂಗಳವಾರ

2007ರಲ್ಲಿ ನಾನು ದೋಹಾದ ಒಂದು ಪೈಪ್‌ಲೈನ್ ಗುತ್ತಿಗೆ ಕಂಪನಿಯಲ್ಲಿ ಮೆಡಿಕಲ್ ಇನ್ಶೂರೆನ್ಸ್ ಕೋಆರ್ಡಿನೇಟರ್ ಆಗಿದ್ದೆ. ವಯಸ್ಸು ಇಪ್ಪತ್ತಾರು, ಅದು ನನ್ನ ಎರಡನೆಯ ಕೆಲಸ. ಕಚೇರಿ ಅಲ್ ಮನ್ಸೂರಾದಲ್ಲಿತ್ತು. ನನ್ನ ಪಟ್ಟಿಯಲ್ಲಿದ್ದ 312 ಮಂದಿಯಲ್ಲಿ ಹೆಚ್ಚಿನವರು ಐವತ್ತು ಕಿಲೋಮೀಟರ್ ಉತ್ತರಕ್ಕೆ, ಅಲ್ ಖೋರ್‌ನ ಕ್ಯಾಂಪಿನಲ್ಲಿದ್ದರು. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ ಅವರನ್ನು ಸೈಟಿಗೆ ಒಯ್ಯುತ್ತಿತ್ತು, ಸಂಜೆ ಆರಕ್ಕೆ ತಂದು ಬಿಡುತ್ತಿತ್ತು.

ನಮ್ಮ ಹೆಲ್ತ್ ಪ್ಲಾನ್‌ನಲ್ಲಿ ‘ಗೇಟ್‌ಕೀಪರ್’ ಪದ್ಧತಿ ಇತ್ತು. ಅಂದರೆ ಯಾವ ಕಾಯಿಲೆಯಾದರೂ ಮೊದಲು ಸಾಮಾನ್ಯ ವೈದ್ಯರನ್ನು ಕಾಣಬೇಕು; ಅವರು ರೆಫರಲ್ ಬರೆದುಕೊಟ್ಟರೆ ಮಾತ್ರ ತಜ್ಞರ ಬಳಿಗೆ ಹೋಗಬಹುದು. ಆ ರೆಫರಲ್ ಹಸಿರು ಕಾಗದದಲ್ಲಿರುತ್ತಿದ್ದುದರಿಂದ ಕ್ಯಾಂಪಿನಲ್ಲಿ ಅದಕ್ಕೆ ‘ಹಸಿರು ಚೀಟಿ’ ಎಂದೇ ಹೆಸರು. ಕ್ಯಾಂಪ್ ಕ್ಲಿನಿಕ್ಕಿಗೆ ಡಾಕ್ಟರ್ ಬರುತ್ತಿದ್ದುದು ಭಾನುವಾರ ಮತ್ತು ಬುಧವಾರ ಸಂಜೆ, ಎರಡೆರಡು ಗಂಟೆ. ಈ ನಿಯಮವನ್ನು ಎಲ್ಲರಿಗೂ ತಿಳಿಸಲು ನಾನೇ ಒಂದು ನೋಟಿಸ್ ತಯಾರಿಸಿದ್ದೆ. ಕನ್ನಡ, ಹಿಂದಿ, ಮಲಯಾಳ, ಇಂಗ್ಲಿಷ್, ನಾಲ್ಕೂ ಒಂದೇ ಹಾಳೆಯಲ್ಲಿ. ಮೆಸ್ಸಿನ ಬಾಗಿಲಿಗೆ ಅಂಟಿಸಿದ ಆ ಹಾಳೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನನಗೊಂದು ಅಭ್ಯಾಸ. ಬಂದ ಪ್ರತಿ ಫೋನನ್ನೂ ಡೈರಿಯಲ್ಲಿ ಬರೆಯುವುದು: ಯಾರು, ಏನು ತೊಂದರೆ, ಎಂದಿನಿಂದ, ನೋವು ಇದೆಯೇ, ಚೀಟಿ ಸಿಕ್ಕಿತೇ. ಐದು ಪ್ರಶ್ನೆ, ಐದು ಉತ್ತರ. ತಿಂಗಳ ಕೊನೆಗೆ ಲೆಕ್ಕ ಹಾಕುತ್ತಿದ್ದೆ. ಯಾರೂ ಕೇಳದ ಲೆಕ್ಕ ಅದು.

ಫೆಬ್ರವರಿ 13, ಮಂಗಳವಾರ. ಬೆಳಿಗ್ಗೆ 8.10ಕ್ಕೆ ವಾಮನಣ್ಣ ಫೋನ್ ಮಾಡಿದರು. ಮೂಲ್ಕಿ ಕಡೆಯವರು, ನಲವತ್ತೇಳು ವರ್ಷ, ದಪ್ಪ ಗಾಜಿನ ಕನ್ನಡಕ, ಕಂಪನಿಯ ಹಳೆಯ ಪೈಪ್ ವೆಲ್ಡರ್‌ಗಳಲ್ಲಿ ಒಬ್ಬರು.

“ಮೇಡಂ, ಇವತ್ತು ಡ್ಯೂಟಿಗೆ ಹೋಗ್ಲಿಲ್ಲ. ಆಬ್ಸೆಂಟ್ ಹಾಕುದು ಬೇಡ ಅಂತ ಸ್ವಲ್ಪ ಹೇಳ್ತೀರಾ? ಕಣ್ಣಿಗೆ ಫ್ಲ್ಯಾಶ್ ಹೊಡೆದಿದೆ.”

ವೆಲ್ಡಿಂಗ್ ಬೆಳಕು ಬರಿಗಣ್ಣಿಗೆ ಬಿದ್ದರೆ ಕಣ್ಣು ಉರಿದು ನೀರು ಸುರಿಯುತ್ತದೆ. ಅದನ್ನೇ ವೆಲ್ಡರ್‌ಗಳು ‘ಫ್ಲ್ಯಾಶ್ ಹೊಡೆಯುವುದು’ ಎನ್ನುತ್ತಾರೆ. ಅವರಿಗದು ನೆಗಡಿಯಷ್ಟೇ ಮಾಮೂಲು. ಮೆಸ್ಸಿನಿಂದ ಬಟಾಟೆ ತಂದು, ಹೆಚ್ಚಿ, ಬಿಲ್ಲೆಗಳನ್ನು ರೆಪ್ಪೆಯ ಮೇಲಿಟ್ಟುಕೊಂಡು ಮಲಗುತ್ತಾರೆ. ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ನಾನು ಡೈರಿ ತೆರೆದು ನನ್ನ ಪ್ರಶ್ನೆಗಳನ್ನು ಕೇಳಿದೆ.

“ಎಂದಿನಿಂದ?”

“ಶುಕ್ರವಾರದಿಂದ. ಭಾನುವಾರ ಡಾಕ್ಟ್ರಿಗೆ ತೋರಿಸಿದೆ. ಫ್ಲ್ಯಾಶ್ ಹೊಡೆದಿದೆ ಸಾರ್ ಅಂದೆ, ಅವರು ಟಾರ್ಚ್ ಹಾಕಿ ನೋಡಿ ಡ್ರಾಪ್ಸ್ ಕೊಟ್ರು. ಬಟಾಟೆಯೂ ಇಟ್ಟಾಯ್ತು. ಇನ್ನು ಸಾಂಬಾರ್ ಮಾಡುದೊಂದೇ ಬಾಕಿ.”

“ನೋವು ಉಂಟಾ?”

“ನೋವು ಇಲ್ಲ. ಅದೇ ವಿಚಿತ್ರ. ಎಡಗಣ್ಣಲ್ಲಿ ಮೂಲೆಯಿಂದ ಕಪ್ಪು ಪರದೆ ಎಳೆದ ಹಾಗೆ ಆಗ್ತದೆ. ನಿನ್ನೆ ಸ್ವಲ್ಪ ಇತ್ತು, ಇವತ್ತು ನಡುವಿನ ಹತ್ತಿರ ಬಂದಿದೆ.”

ಡೈರಿಯನ್ನು ಹಿಂದಕ್ಕೆ ತಿರುವಿದೆ. ಆರು ತಿಂಗಳಲ್ಲಿ ಫ್ಲ್ಯಾಶ್ ಹೊಡೆದವರ ಫೋನು ಹನ್ನೊಂದು. ಹನ್ನೊಂದರಲ್ಲೂ ‘ನೋವು’ ಎಂಬಲ್ಲಿ ನಾನು ಬರೆದದ್ದು ಹೆಚ್ಚುಕಮ್ಮಿ ಒಂದೇ: ಕಣ್ಣಿಗೆ ಮರಳು ಹಾಕಿದ ಹಾಗೆ. ಒಬ್ಬರಿಗೂ ಮೂರನೆಯ ದಿನ ಉಳಿದಿರಲಿಲ್ಲ. ನೋವಿಲ್ಲದೆ ಐದನೆಯ ದಿನಕ್ಕೆ ಬಂದವರು ಇವರೊಬ್ಬರೇ. ನನಗೆ ವೈದ್ಯಕೀಯ ಗೊತ್ತಿಲ್ಲ. ಆದರೆ ಇದು ಆ ಹನ್ನೊಂದರ ಜೊತೆಗೆ ಸೇರುವ ಸಾಲು ಅಲ್ಲ ಎನ್ನುವುದು ಗೊತ್ತಾಯಿತು.

“ವಾಮನಣ್ಣ, ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.”

“ಚೀಟಿ ಇಲ್ಲ ಅಲ್ವಾ? ನಾಳೆ ಸಂಜೆ ಡಾಕ್ಟರ್ ಬರ್ತಾರೆ, ಕೇಳಿ ತಗೊಳ್ತೇನೆ. ನೀವೇ ಬರೆದು ಅಂಟಿಸಿದ್ದೀರಿ ಮೇಡಂ, ಚೀಟಿ ಇಲ್ಲದೆ ಸ್ಪೆಷಲಿಸ್ಟ್ ಇಲ್ಲ ಅಂತ.”

ಕುಹಕವಿರಲಿಲ್ಲ ಆ ಮಾತಿನಲ್ಲಿ. ನಿಯಮ ಪಾಲಿಸುವವನ ಮಾತು ಅಷ್ಟೇ. ಅದಕ್ಕೇ ಚುಚ್ಚಿತು.

ಇನ್ಶೂರೆನ್ಸ್ ಕಂಪನಿಯಲ್ಲಿ ನಮ್ಮ ಫೈಲ್ ನೋಡುತ್ತಿದ್ದವರು ಥಾಮಸ್. ಅವರಿಗೆ ಫೋನ್ ಮಾಡಿ ವಿಷಯ ಹೇಳಿದೆ. “ರೆಫರಲ್ ನಂಬರ್ ಕೊಡಿ ಮೇಡಂ, ಐದು ನಿಮಿಷದಲ್ಲಿ ಅಪ್ರೂವಲ್ ಫ್ಯಾಕ್ಸ್ ಮಾಡ್ತೇನೆ. ನಂಬರ್ ಇಲ್ಲದೆ ಸಿಸ್ಟಮ್ ತೆಗೆದುಕೊಳ್ಳೋದೇ ಇಲ್ಲ” ಎಂದರು. ಹಳೆಯ ಚೀಟಿಯೊಂದರ ನಂಬರು ಹಾಕಿಬಿಡಬಹುದಿತ್ತು. ಹಾಗೆ ಮಾಡಿದವರನ್ನು ನಾನು ನೋಡಿದ್ದೆ. ಆದರೆ ಆ ಸುಳ್ಳು ಸಿಕ್ಕಿಬಿದ್ದರೆ ಚಿಕಿತ್ಸೆ ನಡುವಿನಲ್ಲಿ ನಿಲ್ಲುವುದು ವಾಮನಣ್ಣನದು, ನನ್ನದಲ್ಲ. ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿ ಯಾವಾಗಲೂ ತೆರೆದಿರುತ್ತದೆ, ನಿಜ. ಆದರೆ ನೋವಿಲ್ಲದ, ರಕ್ತವಿಲ್ಲದ ಕಣ್ಣಿಗೆ ಅಲ್ಲಿನ ಸಾಲಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೋ ಎಂಬ ಅಂಜಿಕೆ ನನಗಿತ್ತು.

ಆಗ ನಾನು ಮಾಡಿದ್ದು ಒಂದೇ ಕೆಲಸ. ಕಪಾಟಿನಿಂದ ಮೂಲ ಪಾಲಿಸಿಯನ್ನು ತೆಗೆದು ಮೊದಲಿನಿಂದ ಓದಿದೆ. ಇಂಗ್ಲಿಷಿನಲ್ಲಿ 38 ಪುಟ. ಹದಿನಾಲ್ಕನೆಯ ಪುಟದಲ್ಲಿ ರೆಫರಲ್ ಬೇಡದ ಸಂದರ್ಭಗಳ ಪಟ್ಟಿ ಇತ್ತು: ಅಪಘಾತ, ತೀವ್ರ ರಕ್ತಸ್ರಾವ, ಎದೆನೋವು, ಪ್ರಜ್ಞೆ ತಪ್ಪುವುದು, ಹಠಾತ್ತಾಗಿ ದೃಷ್ಟಿ ಹೋಗುವುದು. ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸಿದರೆ ಸಾಕು.

ನನ್ನ ನೋಟಿಸಿನಲ್ಲಿ ಇದ್ದದ್ದು: ‘ಅಪಘಾತ ಬಿಟ್ಟು ಉಳಿದೆಲ್ಲಕ್ಕೂ ಚೀಟಿ ಕಡ್ಡಾಯ.’ ನಾಲ್ಕು ಭಾಷೆ ಒಂದು ಹಾಳೆಯಲ್ಲಿ ಹಿಡಿಸಬೇಕೆಂದು ಉಳಿದ ನಾಲ್ಕನ್ನೂ ನಾನೇ ಕತ್ತರಿಸಿದ್ದೆ. ಇನ್ಶೂರೆನ್ಸ್ ಕಂಪನಿ ತೆರೆದಿಟ್ಟ ಬಾಗಿಲನ್ನು ಮುಚ್ಚಿದವಳು ನಾನು.

ಥಾಮಸ್‌ಗೆ ಮತ್ತೆ ಫೋನ್ ಮಾಡಿ ಪುಟದ ಸಂಖ್ಯೆ ಹೇಳಿ ಸಾಲನ್ನು ಓದಿದೆ. ಆ ಕಡೆ ಹಾಳೆ ತಿರುವುವ ಸದ್ದು. “ಹೌದು, ಇದೆ. ಇದನ್ನು ಈವರೆಗೆ ಯಾರೂ ಕೇಳಿಲ್ಲ. ಕಳಿಸಿ” ಎಂದರು.

ಆಗ ಗಂಟೆ 8.55. ಪ್ರತಿ ಮಂಗಳವಾರ ಟೈಮ್‌ಶೀಟ್ ತರಲು ನಮ್ಮ ಡ್ರೈವರ್ ಹಮೀದಾಕ ಅಲ್ ಖೋರ್ ಕ್ಯಾಂಪಿಗೆ ಹೋಗಿರುತ್ತಿದ್ದರು. ಉಳ್ಳಾಲದವರು, ಇಪ್ಪತ್ತು ವರ್ಷದಿಂದ ದೋಹಾದಲ್ಲಿ.

“ಹಮೀದಾಕ, ಹೊರಟ್ರಾ?”

“ಇಲ್ಲ ಮಗಳೇ, ಚಾಯ ಕುಡಿತಾ ಇದ್ದೇನೆ. ಟೈಮ್‌ಶೀಟ್ ಸೈನ್ ಆಗ್ಲಿಲ್ಲ.”

“ಟೈಮ್‌ಶೀಟ್ ನಾಳೆ ಬರಲಿ. ವಾಮನಣ್ಣನನ್ನು ಕೂರಿಸಿಕೊಂಡು ಈಗಲೇ ಹೊರಡಿ. ನಾನು ಕಣ್ಣಿನ ಕ್ಲಿನಿಕ್ ಬಾಗಿಲಲ್ಲಿ ಇರ್ತೇನೆ.”

“ಬರಿಗೈಲಿ ಬಂದ್ರೆ ಮ್ಯಾನೇಜರ್ ನನ್ನನ್ನು ಹುರಿದು ತಿಂತಾರೆ.”

“ನನ್ನ ಹೆಸರು ಹೇಳಿ. ಹುರಿಯುವುದಾದರೆ ನನ್ನನ್ನೇ ಹುರಿಯಲಿ.”

“ಖಲಾಸ್, ಆಯ್ತು. ಹೊರಟೆ.”

10.05ಕ್ಕೆ ಗಾಡಿ ಬಂತು. ವಾಮನಣ್ಣ ಇಳಿದವರು ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಂಡೇ ಒಳಗೆ ಬಂದರು. ಅದು ಅವರಿಗೆ ಕಾಣಲೇ ಇಲ್ಲ. ಈಜಿಪ್ಟಿನ ವೈದ್ಯೆ ಔಷಧಿ ಹಾಕಿ ಕಣ್ಣಿನ ಪಾಪೆ ಹಿಗ್ಗಿಸಿ, ಅರ್ಧ ಗಂಟೆ ಕೂರಿಸಿ, ಯಂತ್ರದಲ್ಲಿ ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು. ರೆಟಿನಾ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ತೆಳುವಾದ ಪೊರೆ, ಗೋಡೆಯ ಕಾಗದ ಕಳಚುವ ಹಾಗೆ ಕಳಚುತ್ತಿತ್ತು. ದಪ್ಪ ಗಾಜಿನ ಕನ್ನಡಕದವರಿಗೆ ಆ ಅಪಾಯ ಹೆಚ್ಚಂತೆ.

“ನಡುಭಾಗ ಇನ್ನೂ ಅಂಟಿಕೊಂಡಿದೆ. ಅದು ಕಳಚಿದ ಮೇಲೆ ಬಂದಿದ್ದರೆ ನಾನು ಹೇಳುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ” ಎಂದರು. ದೊಡ್ಡ ಆಸ್ಪತ್ರೆಯ ಸರ್ಜನ್‌ಗೆ ತಾವೇ ಫೋನ್ ಮಾಡಿ, ಕಾಗದ ಬರೆದು ಕೈಗಿಟ್ಟು, “ಯಲ್ಲಾ, ಬೇಗ ಹೊರಡಿ, ನಿಲ್ಲಬೇಡಿ” ಎಂದರು.

ಬುಧವಾರ ಮಧ್ಯಾಹ್ನ ಆಪರೇಷನ್ ಆಯಿತು. ಅದೇ ಬುಧವಾರ ಸಂಜೆ ಕ್ಯಾಂಪ್ ಕ್ಲಿನಿಕ್ಕಿಗೆ ಡಾಕ್ಟರ್ ಬಂದರು. ವಾಮನಣ್ಣ ಚೀಟಿ ಕೇಳಬೇಕೆಂದಿದ್ದ ಹೊತ್ತು ಅದು. ಪೊರೆಯನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಗ್ಯಾಸ್ ಗುಳ್ಳೆ ತುಂಬಿದ್ದರಿಂದ ಅವರು ಹತ್ತು ದಿನ ಮುಖ ಕೆಳಗೆ ಮಾಡಿಯೇ ಇರಬೇಕಿತ್ತು. ಕ್ಯಾಂಪಿಗೆ ನೋಡಲು ಹೋದಾಗ ತಲೆ ಎತ್ತದೆ ಹೇಳಿದರು: “ನೀವಾ ತಂಗಿ? ಚಪ್ಪಲಿ ನೋಡಿಯೇ ಗೊತ್ತಾಯ್ತು. ಈಗ ಇಡೀ ಕ್ಯಾಂಪಿನ ಚಪ್ಪಲಿ ಯಾವುದು ಯಾರದ್ದು ಅಂತ ನನಗೆ ಬಾಯಿಪಾಠ.” ಮೇಡಂ ಹೋಗಿ ತಂಗಿಯಾದದ್ದು ಅಂದಿನಿಂದ.

ನನಗೆ ಸಮಾಧಾನವಿರಲಿಲ್ಲ. ನೋಟಿಸ್ ತಿದ್ದಿದರೆ ಈ ಒಂದು ತಪ್ಪು ಹೋದೀತು. ಆದರೆ ಕಾಣುವುದು ಮಸುಕಾದವನು, ಕಣ್ಣೆದುರು ಕಪ್ಪು ಚುಕ್ಕಿ ಹಾರುವವನು, ‘ಹಠಾತ್’ ಎಂದರೆ ಇದೇನಾ ಎಂದು ತಾನೇ ತೀರ್ಮಾನಿಸಬೇಕೆ? ಡೈರಿ ಹಿಡಿದು ಕೂತೆ. ಹಿಂದಿನ ಒಂದು ವರ್ಷದಲ್ಲಿ ಕಣ್ಣಿನ ಚೀಟಿ 26. ಫೋನ್ ಬಂದ ದಿನದಿಂದ ತಜ್ಞರನ್ನು ಕಾಣುವ ದಿನದವರೆಗೆ ಸರಾಸರಿ ಒಂಬತ್ತು ದಿನ. ಆ 26ರಲ್ಲಿ ತಜ್ಞರು ‘ಬರುವ ಅಗತ್ಯವಿರಲಿಲ್ಲ’ ಎಂದು ಬರೆದದ್ದು ಮೂರು.

ಏಪ್ರಿಲ್ 3ರಂದು ಪಾಲಿಸಿ ನವೀಕರಣದ ಮೀಟಿಂಗ್‌ನಲ್ಲಿ ಆ ಲೆಕ್ಕದ ಪುಟವನ್ನು ಥಾಮಸ್ ಮುಂದಿಟ್ಟೆ. ಕಣ್ಣಿಗೆ, ಮತ್ತು ದೋಹಾದಲ್ಲಿ ಕುಟುಂಬ ಇರುವವರಿಗೆ ಸ್ತ್ರೀರೋಗ ತಜ್ಞರ ಬಳಿಗೆ, ಚೀಟಿ ಇಲ್ಲದೆ ನೇರ ಹೋಗಲು ಬಿಡಬೇಕೆಂದು ಕೇಳಿದೆ.

“ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆ ಕಾನೂನೇ ಇದೆ, ಕಂಪನಿಗಳು ಬಿಡಲೇಬೇಕು” ಎಂದರು ಥಾಮಸ್. “ಇಲ್ಲಿ ನನಗೆ ಯಾವ ಕಾನೂನು ತೋರಿಸ್ತೀರಿ?”

“ಕಾನೂನು ಇಲ್ಲ. ಇಪ್ಪತ್ತಾರು ಹೆಸರು ಇವೆ. ಯಾವ ಹೆಸರಿಗೆ ಒಂಬತ್ತು ದಿನ ಕಾಯಲು ಹೇಳಲಿ, ನೀವೇ ಬೆರಳಿಟ್ಟು ತೋರಿಸಿ.”

ಅವರು ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದರು. ಬೆರಳಿಡಲಿಲ್ಲ. ಕಣ್ಣಿನದಕ್ಕೆ ಒಪ್ಪಿದರು, ಸ್ತ್ರೀರೋಗದ್ದು ಮುಂದಿನ ವರ್ಷ ನೋಡೋಣ ಎಂದರು. ಮರುವರ್ಷ ನಾನು ಮತ್ತೆ ಪುಟ ಒಯ್ದೆ. ಆಗ ಅದೂ ಆಯಿತು. ಪಾಲಿಸಿಗೆ ಹೀಗೆ ಸೇರಿಸುವ ತಿದ್ದುಪಡಿಗೆ ‘ಎಂಡಾರ್ಸ್‌ಮೆಂಟ್’ ಎನ್ನುತ್ತಾರೆ. ನಮ್ಮದು ಮೂರೇ ಸಾಲು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನಿಯಮವನ್ನು ಚಿಕ್ಕದು ಮಾಡಿ ಹೇಳುವವರು ಮೊದಲು ಕತ್ತರಿಸುವುದು ವಿನಾಯಿತಿಯನ್ನು. ಜೀವ ಉಳಿಯುವುದು ಹೆಚ್ಚಾಗಿ ಅದರಲ್ಲೇ. ಈಗ ನಾನು ವಿನಾಯಿತಿಯನ್ನೇ ಮೊದಲು ಬರೆಯುತ್ತೇನೆ.

ಮೇ ತಿಂಗಳ ಮೊದಲ ವಾರ ಹೊಸ ನೋಟಿಸುಗಳನ್ನು ಹಿಡಿದು ನಾನೇ ಅಲ್ ಖೋರ್‌ಗೆ ಹೋದೆ. ಈ ಬಾರಿ ಭಾಷೆಗೊಂದು ಹಾಳೆ. ಎಕ್ಸ್‌ರೇ ತೆಗೆದು ಪರೀಕ್ಷಿಸುವ ಪೈಪ್ ಜಾಯಿಂಟ್‌ಗಳನ್ನು ಬೆಸೆಯಲು ವಾಮನಣ್ಣನಿಗೆ ವೈದ್ಯರು ಮತ್ತೆ ಅನುಮತಿ ಕೊಡಲಿಲ್ಲ. ಅವರು ಹೊಸಬರಿಗೆ ವೆಲ್ಡಿಂಗ್ ಕಲಿಸುವ ಶೆಡ್ಡಿಗೆ ಬದಲಾಗಿದ್ದರು. ಮೆಸ್ಸಿನ ಬಾಗಿಲಿನಿಂದ ಹತ್ತು ಹೆಜ್ಜೆ ಹಿಂದೆ ನಿಂತು, ಅಂಗೈಯಿಂದ ಬಲಗಣ್ಣು ಮುಚ್ಚಿ, ಎಡಗಣ್ಣಿನಲ್ಲಿ ಮೊದಲ ಸಾಲನ್ನು ಒಂದೊಂದೇ ಪದವಾಗಿ ಓದಿದರು.

“ಕಣ್ಣಿಗೆ... ಚೀಟಿ... ಬೇಡ.” ಕೈ ಇಳಿಸಿ ನನ್ನ ಕಡೆ ತಿರುಗಿದರು. “ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡಬಹುದಿತ್ತು ತಂಗಿ.”

ಡೈರಿಯಲ್ಲಿ ಬರೆದುಕೊಂಡೆ. ಮರುವಾರ ದೊಡ್ಡದು ಮಾಡಿ ಅಂಟಿಸಿದೆ.