ಹೊಲಿಗೆ ಅಕ್ಕೋರ ಕಾದಂಬರಿ ಕಪಾಟು

ಮೊನ್ನೆ ಕೊಪ್ಪಳದಲ್ಲಿ ಮೊಮ್ಮಗಳ ಶಾಲೆಯ ಸಮವಸ್ತ್ರ ಹೊಲಿಸಲು ಹೋಗಿದ್ದೆ. ಜೂನ್ ತಿಂಗಳಲ್ಲಿ ದರ್ಜಿಯ ಅಂಗಡಿ ಹೇಗಿರುತ್ತದೆಂದು ನಿಮಗೇನೂ ಹೇಳಬೇಕಾಗಿಲ್ಲ. ನೀಲಿ ಬಟ್ಟೆಯ ರಾಶಿ, ರಾಶಿಯ ಹಿಂದೆ ದರ್ಜಿಯ ಬಿಳಿ ಟೊಪ್ಪಿಗೆ, ಒಳಗೆ ಕಾಲಿಟ್ಟರೆ ಹೊಸ ಬಟ್ಟೆಯ ಗಂಜಿ ವಾಸನೆ. ಹುಡುಗಿಯ ಅಳತೆ ತೆಗೆದುಕೊಂಡು ಆತ, "ಒಳಗ ಎಷ್ಟು ಮಡಚಿ ಬಿಡ್ಲಿರಿ ಅಮ್ಮಾರ? ಬೆಳಿಯೋ ಹುಡುಗಿ" ಎಂದ. ಅಷ್ಟೇ ನೋಡಿ. ಆತ ಮತ್ತೆರಡು ಸಲ ಕೇಳಿದನಂತೆ, ನನಗೆ ಕೇಳಿಸಲೇ ಇಲ್ಲ. ಮೊಮ್ಮಗಳು ಸೆರಗು ಜಗ್ಗಿ, "ಅಜ್ಜೀ, ಎಲ್ಲಿ ಹೋಗೀದಿ?" ಎಂದಾಗ ಎಚ್ಚರವಾಯಿತು. ಎಲ್ಲಿ ಹೋಗಿದ್ದೆನೆಂದರೆ, ನಲವತ್ತೈದು ವರ್ಷ ಹಿಂದಿನ ಒಂದು ಶನಿವಾರಕ್ಕೆ ಹೋಗಿದ್ದೆ.

ನಮ್ಮದು ಯಲಬುರ್ಗಾ ತಾಲೂಕಿನ ಒಂದು ಊರು. ಹೆಸರು ಬೇಡ, ಊರಿನವರಿಗೆ ಸಿಟ್ಟು ಬಂದೀತು. ಅಲ್ಲಿಯ ಪ್ರೌಢಶಾಲೆಯಲ್ಲಿ ನಮಗೆ ಹೊಲಿಗೆ ಕಲಿಸಲು ಒಬ್ಬ ಶಿಕ್ಷಕಿ ಇದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವೆ. ಹಾಗಾಗಿ ಅವರು ಹೊಲಿಗೆ ಅಕ್ಕೋರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು. ಶಾಲೆಗೆ ಒಂದು ಕಪಾಟು ತುಂಬ ಪುಸ್ತಕ ಬಂದಾಗ, ಇದನ್ನು ನೋಡಿಕೊಳ್ಳುವವರು ಯಾರು ಎಂದು ಹೆಡ್‌ಮಾಸ್ತರರು ಸಭೆಯಲ್ಲಿ ಕೇಳಿದರಂತೆ. ಉಳಿದವರೆಲ್ಲ ನೆಲ ನೋಡಿದರು. ಅಕ್ಕೋರು ಸೂಜಿಗೆ ದಾರ ಪೋಣಿಸುತ್ತ ಕತ್ತು ಆಡಿಸಿದ್ದೇ ತಪ್ಪಾಯಿತು. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು. ಅಂದಿನಿಂದ ಕಪಾಟಿನ ಕೀಲಿ ಅವರ ಸೊಂಟಕ್ಕೆ ಬಂತು.

ಶನಿವಾರದ ಕೊನೆಯ ಅವಧಿ ಅವರದು. ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ನಾವೆಲ್ಲ ಹೊಲಿಯುತ್ತ ಕೂರುತ್ತಿದ್ದೆವು. ಒಬ್ಬಳು ಮಾತ್ರ ಕಾದಂಬರಿಯನ್ನು ಗಟ್ಟಿಯಾಗಿ ಓದಬೇಕು. ಗಾಳಿ ಬೀಸಿದರೆ ಬೇವಿನ ಹೂವು ಪುಟದ ಮೇಲೂ ಬೀಳುತ್ತಿತ್ತು, ಅರ್ಧ ಹೊಲಿದ ಲಂಗದ ಮೇಲೂ ಬೀಳುತ್ತಿತ್ತು. ಆ ಹೊತ್ತಿನಲ್ಲಿ ನಾನು ಎಷ್ಟು ಊರು ನೋಡಿದೆ, ಎಷ್ಟು ರೈಲು ಹತ್ತಿದೆ! ಸಮುದ್ರ ಎಂದು ಓದಿದರೆ ಆಚೆಯ ಹೊಲದ ಬಿಳಿಜೋಳವೇ ತೂಗಾಡುತ್ತ ದಡಕ್ಕೆ ಬರುತ್ತಿತ್ತು. ಹೀಗೆ ತೇಲಾಡಿ ಒಮ್ಮೆ ನಾನು ಕೈಯಲ್ಲಿದ್ದ ರವಿಕೆಯನ್ನು ಉಟ್ಟ ಲಂಗಕ್ಕೇ ಸೇರಿಸಿ ಹೊಲಿದುಕೊಂಡಿದ್ದೆ. ಗಂಟೆ ಬಾರಿಸಿ ಎಲ್ಲರೂ ಎದ್ದರೂ ನಾನು ಏಳಲಿಲ್ಲ.

ಅಕ್ಕೋರು ತಲೆ ಎತ್ತದೆ ಕೇಳುತ್ತಿದ್ದರು, ತಲೆ ಎತ್ತದೆ ತೀರ್ಪು ಕೊಡುತ್ತಿದ್ದರು. ಹುಡುಗಿಯರ ಕಾದಂಬರಿಗಳ ಬಗ್ಗೆ ಅವರಷ್ಟು ಖಡಕ್ಕಾದ ಅಭಿಪ್ರಾಯವಿದ್ದವರನ್ನು ನಾನು ಆಮೇಲೆ ಯಾವ ಸಭೆಯಲ್ಲೂ ಕಾಣಲಿಲ್ಲ. ಮಾತು ಮಾತಿಗೆ ಅಳುವ ನಾಯಕಿ ಬಂದರೆ, "ಈಕಿ ಹನ್ನೆರಡನೇ ಪುಟದಿಂದ ಅಳಾಕ ಹತ್ಯಾಳ, ಇನ್ನೂ ಸುಮ್ಮನಾಗವಲ್ಲಳು. ಮನ್ಯಾಗ ರೊಟ್ಟಿ ಬಡಿಯಾವ್ರು ಯಾರವಾ?" ಎನ್ನುವರು. ಪತ್ತೇದಾರಿ ಕಾದಂಬರಿಯೆಂದರೆ, "ಗುಂಡಿ ಸಾಲು ಸಾಲು ಹಚ್ಯಾರ, ಕಾಜಾನ ಇಲ್ಲ." ಕಾಜಾ ಎಂದರೆ ಗುಂಡಿ ತೂರಿಸುವ ತೂತು. ಬರೀ ನೀತಿ ಹೇಳುವ ಪುಸ್ತಕಕ್ಕೆ, "ಮ್ಯಾಲೆ ಜರಿ ಐತಿ, ಒಳಗ ಅಸ್ತರ ಇಲ್ಲ. ತೊಟ್ಟಾವ್ರಿಗೆ ಚುಚ್ಚತೈತಿ." ಒಂದು ಕಾದಂಬರಿಯಲ್ಲಿ ತಾಯಿ ಸತ್ತು ಮಗಳಿಗೆ ಬುದ್ಧಿ ಬಂದಾಗ ಮಾತ್ರ ಹೊಲಿಗೆ ಕೆಳಗಿಟ್ಟುಬಿಟ್ಟರು. "ಮಗಳು ಶಾಣ್ಯಾಕಿ ಆಗಾಕ ಅವ್ವ ಯಾಕ ಸಾಯಬೇಕು? ಬರದಾವ್ಗ ಅವ್ವನ್ನ ಏನು ಮಾಡಬೇಕು ತಿಳಿದಿಲ್ಲ, ಕೊಂದಾನ" ಎಂದರು. ತಾಯಿಯಿಲ್ಲದೆ ಬೆಳೆದವರು ಅವರು.

ಹಾಗಾದರೆ ಛಲೋ ಕಾದಂಬರಿ ಯಾವುದು ಎಂದು ನಮ್ಮಲ್ಲೊಬ್ಬಳು ಕೇಳಿದಳು. ಅವರು ತಮ್ಮ ಕೈಯಲ್ಲಿದ್ದ ಲಂಗದ ಅಂಚು ತಿರುಗಿಸಿ ತೋರಿಸಿದರು. "ನೋಡ್ರಿ, ಬೆಳಿಯೋ ಹುಡುಗಿ ಬಟ್ಟೀನ ಇವತ್ತಿನ ಅಳತಿಗೆ ಕತ್ತರಿಸಬಾರದು. ಒಳಗ ನಾಕು ಬೆರಳು ಮಡಚಿ ಬಿಡಬೇಕು. ನಿಮ್ಮ ವಯಸ್ಸಿನವ್ರ ಕಾದಂಬರೀನೂ ಹಂಗ. ಈ ವರ್ಷ ತಿಳೀಲಾರದ್ದು ಒಂದೀಟು ಒಳಗ ಇರಬೇಕು. ಮುಂದ ಬಿಚ್ಚಿದ್ರ ನಿಮ್ಮ ಕಾಲಿಗೆ ಬರಬೇಕು."

ಈ ಒಳಗಿನ ಮಡಿಕೆಯ ವಿಚಾರದಲ್ಲಿ ಅಕ್ಕೋರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ಪ್ರತಿ ಕಾದಂಬರಿಯನ್ನೂ ಮೊದಲು ತಾವು ಓದಿ, ನಮಗೆ ಈಗಲೇ ಬೇಡ ಎನಿಸಿದ ಹಾಳೆಗಳ ಅಂಚು ಸೇರಿಸಿ ಕೆಂಪು ದಾರದಿಂದ ಕಚ್ಚಾ ಹೊಲಿಗೆ ಹಾಕಿಬಿಡುತ್ತಿದ್ದರು. ಹೌದು, ಪುಸ್ತಕಕ್ಕೇ! ಬಟ್ಟೆಯನ್ನು ಯಂತ್ರಕ್ಕೆ ಕೊಡುವ ಮೊದಲು ಸಡಿಲವಾಗಿ ಹಾಕುತ್ತಾರಲ್ಲ, ಒಂದು ತುದಿ ಎಳೆದರೆ ಸರಾಗ ಬಂದುಬಿಡುವಂಥದು, ಅದೇ ಹೊಲಿಗೆ. "ಹರಿದ್ರ ಹಾಳಿ ಹೋತು, ಮಸಿ ಬಳದ್ರ ಅಕ್ಷರ ಹೋತು. ಹೊಲಿಗಿ ಆದ್ರ ಬಿಚ್ಚಬಹುದು. ಬರದದ್ದು ಎಲ್ಲಿಗೂ ಹೋಗೂದಿಲ್ಲ" ಎನ್ನುವರು. ಯಾವಾಗ ಬಿಚ್ಚಬೇಕು ಎಂದು ಕೇಳಿದರೆ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಒಂದು ಮಾತು: "ದೊಡ್ಡಾಕಿ ಆದ ಮ್ಯಾಲ."

ಹೊಲಿದ ಹಾಳೆಗಳನ್ನು ನಾವು ಬಿಡುತ್ತಿದ್ದೆವೆಂದುಕೊಂಡಿರಾ? ಅಂಚು ಹೊಲಿದರೂ ಮೇಲುಗಡೆ ಬಾಯಿ ತೆರೆದೇ ಇರುತ್ತಿತ್ತು. ಕೊಳವೆಯ ಹಾಗೆ ಬಗ್ಗಿಸಿ ಒಂದು ಕಣ್ಣು ಮುಚ್ಚಿ ಇಣುಕಿದರೆ ಅರ್ಧರ್ಧ ಮಾತು ಕಾಣುತ್ತಿತ್ತು. ಆ ಅರ್ಧದಿಂದ ನಾವು ಕಟ್ಟಿದ ಕತೆಗಳು ಎಂಥವೆಂದು ಈ ವಯಸ್ಸಿನಲ್ಲಿ ಹೇಳಲು ನನಗೇ ನಾಚಿಕೆ.

ಈಗ ಅಕ್ಕೋರ ಆ ದೊಡ್ಡಾಕಿ ಮಾತಿಗೆ ಬರುತ್ತೇನೆ. ನಮ್ಮ ಕಡೆ ಹುಡುಗಿ ದೊಡ್ಡಾಕಿ ಆದಳು ಎಂದರೆ ಒಂದೇ ಅರ್ಥ. ಮೈನೆರೆದಳು, ಮೂಲೆಯಲ್ಲಿ ಕೂಡಿಸಿದರು, ಆರತಿ ಮಾಡಿದರು. ಅಕ್ಕೋರು ವಯಸ್ಸು ಬಂದು ತಿಳಿವಳಿಕೆ ಮೂಡಿದ ಮೇಲೆ ಅನ್ನುವ ಅರ್ಥದಲ್ಲಿ ಹೇಳಿದ್ದರು. ನಾವು ನಮ್ಮ ಅರ್ಥದಲ್ಲೇ ಕೇಳಿಸಿಕೊಂಡಿದ್ದೆವು. ಒಂಬತ್ತನೆಯ ತರಗತಿಯಲ್ಲಿ ನನ್ನ ಪಾಳಿ ಬಂದಾಗ, ಹೊಟ್ಟೆನೋವಿನ ನಡುವೆಯೂ ನನಗೆ ಮೊದಲು ಹೊಳೆದದ್ದು ಏನು ಗೊತ್ತೇ? ಇನ್ನು ದಾರ ಬಿಚ್ಚಬಹುದು!

ಕಪಾಟಿನಿಂದ ಓದಲು ಮನೆಗೆ ತಂದಿದ್ದ ಒಂದು ಕಾದಂಬರಿ ಹಿಡಿದು ಐದು ದಿನ ಜೋಳದ ಚೀಲಗಳ ಪಕ್ಕದ ಮೂಲೆಯಲ್ಲಿ ಕೂತೆ. ನನ್ನನ್ನು ಮುಟ್ಟುವಂತಿಲ್ಲ, ಹಾಗಾಗಿ ನನ್ನ ಕೈಯ ಪುಸ್ತಕವನ್ನೂ ಯಾರೂ ಮುಟ್ಟುವಂತಿಲ್ಲ. ಇಂಥ ಸುಖ ಮತ್ತೆ ಸಿಗಲಿಲ್ಲ ಬಿಡಿ. ಓಣಿಯ ಹೆಂಗಸರು ಕೊಬ್ಬರಿ ಬೆಲ್ಲ ತಂದು ದೂರದಿಂದ ಮಡಿಲಿಗೆ ಹಾಕಿ ಹೋಗುವರು. ಮಾಳಿಗೆಯ ಬೆಳಕಿಂಡಿಯಿಂದ ಒಂದು ತುಂಡು ಬಿಸಿಲು ಬೆಳಿಗ್ಗೆ ಪಡುವಣ ಗೋಡೆಯ ಮೇಲಿಳಿದು ಸಂಜೆಯವರೆಗೆ ಮೆಲ್ಲಗೆ ಮೂಡಣ ಗೋಡೆ ಹತ್ತುತ್ತಿತ್ತು. ಅದು ನನ್ನ ತೊಡೆಯ ಮೇಲೆ ಬಂದ ಹೊತ್ತಿನಲ್ಲಿ ಕೆಂಪು ದಾರದ ತುದಿ ಹಿಡಿದು ಎಳೆದೆ. ಸರ್ರನೆ ಬಂತು.

ಒಳಗೆ ಇದ್ದದ್ದು ಇಷ್ಟು. ಗಂಡನ ಮನೆಯಲ್ಲಿ ಸಾಕಾಗಿಹೋದ ಒಬ್ಬ ಹೆಂಗಸು ಬೆಳಗಿನ ಬಸ್ಸು ಹತ್ತುತ್ತಾಳೆ. ಕಿಟಕಿಯ ಪಕ್ಕ ಕೂತು ಗೊತ್ತಿಲ್ಲದ ಊರಲ್ಲಿ ಇಳಿಯುತ್ತಾಳೆ. ಅಲ್ಲಿ ಒಂದು ಹೋಟೆಲಿಗೆ ಹೋಗಿ, ಒಬ್ಬಳೇ ಮೇಜಿನ ಮುಂದೆ ಕೂತು, ಇಡ್ಲಿ ಹೇಳಿ, ತಿಂದು, ಚಹಾ ಕುಡಿಯುತ್ತಾಳೆ. ಯಾರೂ ಅವಳನ್ನು ಏನೂ ಕೇಳುವುದಿಲ್ಲ. ಹೊರಗೆ ಬಿಸಿಲು ಬಿದ್ದಿರುತ್ತದೆ. ಅವಳು ಅವಸರವಿಲ್ಲದೆ ಅದನ್ನು ನೋಡುತ್ತ ಕೂರುತ್ತಾಳೆ. ಮೊದಲು ನನಗೆ ಮೋಸವಾದಂತಾಯಿತು. ಆಮೇಲೆ ಅದನ್ನೇ ನಾಲ್ಕು ದಿನ ಓದಿದೆ. ಕಣ್ಣು ಮುಚ್ಚಿದರೆ ಆ ಮೇಜಿನ ಮುಂದೆ ನಾನೇ ಇರುತ್ತಿದ್ದೆ.

ಐದನೆಯ ದಿನ ಎರೆದುಕೊಂಡು ಹೊರಗೆ ಬಂದೆ. "ಇನ್ನ ಸಾಲಿ ಸಾಕು. ಹುಡುಗಿ ದೊಡ್ಡಾಕಿ ಆದ್ಲು" ಎಂದಳು ಅಜ್ಜಿ. ಅಪ್ಪ ಊರಿನ ಸೊಸೈಟಿಯಲ್ಲಿ ಕಾರಕೂನ, ಓದು ಬಲ್ಲವನು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಗಲೇ ನನ್ನ ಕೈಯ ಪುಸ್ತಕದಲ್ಲಿ ಗುರುತಿಗಿಟ್ಟಿದ್ದ ಕೆಂಪು ದಾರ ಅವನ ಕಣ್ಣಿಗೆ ಬೀಳಬೇಕೇ? ತೆಗೆದುಕೊಂಡು ನಿಂತಲ್ಲೇ ಓದಿದ.

"ಹೆಣ್ಣುಮಗಳು ಮನಿ ಬಿಟ್ಟು ಹೋಗಿ, ಒಬ್ಬಾಕಿ ಹೋಟೆಲ್‌ದಾಗ ಕುಂತು ತಿಂತಾಳ! ಇದನ್ನ ಬಿಚ್ಚಿದಾವ್ರು ಯಾರು?"

ನಾನೇ ಎಂದರೆ ಅಂದಿಗೇ ನನ್ನ ಶಾಲೆ ಮುಗಿಯುತ್ತಿತ್ತು. ಯಾಕೆ ಬಿಚ್ಚಿದೆನೆಂದು ಹೇಳಬೇಕಾದರೆ ದೊಡ್ಡಾಕಿ ಆದೆ ಎಂಬ ಮಾತನ್ನು ಅಪ್ಪನ ಎದುರು ಬಾಯಿಬಿಟ್ಟು ಆಡಬೇಕು. ಸತ್ತರೂ ಆಗದು.

"ಅಕ್ಕೋರ ಬಿಚ್ಚಿ ಕೊಟ್ಟಾರಪ್ಪಾ. ಓದು ಅಂದ್ರು" ಎಂದೆ.

ಮರುದಿನ ಅಪ್ಪ ನನ್ನನ್ನೂ ಪುಸ್ತಕವನ್ನೂ ಹೆಡ್‌ಮಾಸ್ತರರ ಕೋಣೆಗೆ ಒಯ್ದ. ಅಕ್ಕೋರನ್ನು ಕರೆಸಿದರು. ಹೆಡ್‌ಮಾಸ್ತರರು ಪುಸ್ತಕ ತೋರಿಸಿ, "ಇದನ್ನ ನೀವ ಬಿಚ್ಚಿ ಕೊಟ್ಟೀರೇನ್ರಿ?" ಎಂದು ಕೇಳಿದರು. ಅಕ್ಕೋರು ದಾರ ನೋಡಿದರು. ನನ್ನ ಮುಖ ನೋಡಿದರು. ನನ್ನ ಹೊಸ ಸೀರೆಯನ್ನೂ ನೋಡಿರಬೇಕು, ಯಾಕೆಂದರೆ ಅಂದು ಅಜ್ಜಿ ನನಗೆ ಲಂಗ ಹಾಕಲು ಬಿಟ್ಟಿರಲಿಲ್ಲ.

"ಹೌದ್ರಿ ಸರ್, ನಾನ ಬಿಚ್ಚೇನಿ. ಹುಡುಗೀದು ಏನೂ ತಪ್ಪಿಲ್ರಿ. ಆಕೀನ ಸಾಲಿ ಬಿಡಿಸಬ್ಯಾಡ್ರಿ" ಎಂದರು.

ಸೊಂಟದ ಕೀಲಿ ಬಿಚ್ಚಿ ಮೇಜಿನ ಮೇಲಿಡಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು; ಗಂಟು ಗಟ್ಟಿಯಾಗಿತ್ತು. ಅಪ್ಪನ ಮುಖ ಸಡಿಲಾಯಿತು. ಮಗಳದಲ್ಲದ ಒಂದು ತಪ್ಪು ಸಿಕ್ಕಿತ್ತಲ್ಲ, ಅಷ್ಟು ಸಾಕಿತ್ತು ಅವನಿಗೆ. ನನ್ನ ಶಾಲೆ ಉಳಿಯಿತು. ಕಪಾಟನ್ನು ಹಿಂದಿನ ಖೋಲಿಗೆ ಸಾಗಿಸಿ ಕೀಲಿ ಹಾಕಿದರು. ಬೇವಿನ ಗಿಡದ ಕೆಳಗೆ ಬರೀ ಹೊಲಿಗೆ ನಡೆಯಿತು. ಅಕ್ಕೋರು ನನಗೆ ಬೈಯಲಿಲ್ಲ, ಕಣ್ಣು ತಪ್ಪಿಸಲಿಲ್ಲ, ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೇ ಅಂಜಿ ಮೂಲೆ ಹಿಡಿದು ಕೂರುತ್ತಿದ್ದೆ.

ಮುಂದೆ ಓದಿದೆ, ಎಂಬತ್ತರ ದಶಕದ ಕೊನೆಯಲ್ಲಿ ಗಂಗಾವತಿಯಲ್ಲಿ ಶಿಕ್ಷಕಿಯಾದೆ. ಅಲ್ಲಿಗೆ ಹೋದ ಮೊದಲ ದಿನವೇ ಅಕ್ಕಿ ಗಿರಣಿಗಳ ಸಾಲಿನಲ್ಲಿದ್ದ ಒಂದು ಹೋಟೆಲಿಗೆ ಹೋಗಿ ಒಬ್ಬಳೇ ಕೂತೆ. ಇಡ್ಲಿ ಹೇಳಿದೆ. ಯಾರೂ ಏನೂ ಕೇಳಲಿಲ್ಲ. ಎಲ್ಲಿತ್ತೋ ಅಳು, ತಟ್ಟೆಯ ಮುಂದೆಯೇ ಬಂತು. ಮುಂದಿನ ರವಿವಾರವೇ ಕುಷ್ಟಗಿಯ ಬಸ್ಸು ಹತ್ತಿದೆ. ಅಕ್ಕೋರು ಅಷ್ಟೊತ್ತಿಗೆ ಅಲ್ಲಿಗೆ ವರ್ಗವಾಗಿ ಹೋಗಿದ್ದರು.

ದಾರ ಎಳೆದದ್ದು, ಸುಳ್ಳು ಹೇಳಿದ್ದು, ಎಲ್ಲ ಒಪ್ಪಿಸಿದೆ. "ದೊಡ್ಡಾಕಿ ಆದ ಮ್ಯಾಲ ಅಂದಿದ್ರೆಲ್ರಿ ಅಕ್ಕೋರ, ಅದಕ್ಕ..." ಎಂದೆ. ಅವರು ಅರ್ಥವಾಗದೆ ನೋಡಿದರು. ಅರ್ಥವಾದ ಮೇಲೆ ನಕ್ಕರು ನೋಡಿ, ಕನ್ನಡಕ ತೆಗೆದಿಟ್ಟು, ಗೋಡೆ ಹಿಡಿದುಕೊಂಡು ನಕ್ಕರು. "ಅಯ್ಯ ನಮ್ಮವ್ವಾ! ನಾ ಏನಂದೆ, ನೀವೇನು ತಿಳ್ಕೊಂಡ್ರಿ! ಮನಿ ಬಿಟ್ಟು ಹೋಗೂದು ಅಷ್ಟು ಹಗುರ ಐತಿ ಅಂತ ಎಳೀ ಮನಸ್ಸಿಗೆ ಅನಿಸಬಾರದು ಅಂತ ಹೊಲಿದಿದ್ದೆ." ಆಮೇಲೆ ನನ್ನ ಕೈ ಹಿಡಿದು, "ಬಿಡವ್ವ. ನೀ ಓದಿದಿ. ನನಗ ಅಷ್ಟ ಸಾಕು" ಎಂದರು. ಅವರು ಕ್ಷಮಿಸಿದರು, ನಾನು ಹಗುರಾದೆ. ಇಷ್ಟು ವರ್ಷ ಹಗುರಾಗಿಯೇ ಇದ್ದೆ.

ಇಂದು ಮೊಮ್ಮಗಳನ್ನು ಕರೆದುಕೊಂಡು ಮತ್ತೆ ದರ್ಜಿಯ ಅಂಗಡಿಗೆ ಹೋಗಿದ್ದೆ, ಹೊಲಿದದ್ದನ್ನು ತರಲು. ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ತನ್ನ ಸರದಿಗೆ ಕಾಯುತ್ತಿದ್ದಳು. ಯಾವ ಊರು, ಯಾರ ಮನೆ ಎಂದು ಮಾತು ಬೆಳೆದರೆ, ನಮ್ಮೂರಿನವಳೇ! ನನಗಿಂತ ಮೂರು ವರ್ಷ ಚಿಕ್ಕವಳು, ಅದೇ ಶಾಲೆ. ಒಂಬತ್ತನೆಯ ತರಗತಿಗೆ ಬಿಡಿಸಿ ಕೊಪ್ಪಳಕ್ಕೆ ಕೊಟ್ಟಿದ್ದರಂತೆ. ಹೊಲಿಗೆ ಅಕ್ಕೋರು ನೆನಪಿದ್ದಾರೇನು ಎಂದು ಉಮೇದಿನಿಂದ ಕೇಳಿದೆ.

"ಒಂದ ವರ್ಷ ಇದ್ರು ನೋಡ್ರಿ ನಮಗ. ಕಾಜಾ ಹಾಕೂದು ಭಾಳ ಛಲೋ ಕಲಿಸಿದ್ರು."

"ಅವರು ಕೊಡ್ತಿದ್ದ ಕಾದಂಬರಿ?"

"ಯಾವ ಕಾದಂಬರಿರಿ? ನಮ್ಮ ಸಾಲ್ಯಾಗ ಓದೂ ಪುಸ್ತಕ ಎಲ್ಲಿದ್ವು? ಹಿಂದಿನ ಖೋಲ್ಯಾಗ ಒಂದು ಕಪಾಟಿತ್ತು. ಅದರಾಗ ಮನಷ್ಯಾರ ಎಲುಬು ಇಟ್ಟಾರ ಅಂತಿದ್ರು. ಅಂಜಿ ಅತ್ಲಾಗ ಹೋಗ್ತಿದ್ದಿಲ್ರಿ ನಾವು" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಅಕ್ಕೋರಿಗೆ ಏನಾಯಿತೆಂದು ಎಷ್ಟೋ ಸಲ ಯೋಚಿಸಿದ್ದೆ. ನನ್ನ ಹಿಂದೆ ಬಂದ ಹುಡುಗಿಯರನ್ನು ಒಂದು ದಿನವೂ ನೆನೆದಿರಲಿಲ್ಲ.

"ಎಲುಬಲ್ಲವ್ವ, ಅದರಾಗ ಕಾದಂಬರಿ ಇದ್ವು. ನಾ ಒಂದು ಸುಳ್ಳು ಹೇಳಿದೆ, ಅದಕ್ಕ ಕೀಲಿ ಬಿತ್ತು" ಎಂದು ಎಲ್ಲವನ್ನೂ ಹೇಳಿದೆ. ಬಸ್ಸು, ಕಿಟಕಿ, ಆ ಹೋಟೆಲಿನ ಮೇಜು, ಇಡ್ಲಿ, ಬಿಸಿಲು, ಏನನ್ನೂ ಬಿಡಲಿಲ್ಲ. ದರ್ಜಿ ಕೂಗಿದರೂ ಅವಳು ಏಳಲಿಲ್ಲ.

"ಆಕಿಗೆ ಯಾರೂ ಏನೂ ಅನ್ನಲಿಲ್ಲೇನ್ರಿ?" ಎಂದಳು.

"ಯಾರೂ ಅನ್ನಲಿಲ್ಲ."

"ನನಗ ಐವತ್ತೇಳು ವರ್ಷ ಆತ್ರಿ. ಇವತ್ತಿನ ಮಟ ಒಬ್ಬಾಕೀನ ಹೋಟೆಲ್‌ಗೆ ಹೋಗಿಲ್ಲ. ಹೋಗಬಹುದು ಅಂತನ ನನಗ ತಿಳಿದಿದ್ದಿಲ್ಲ" ಎಂದಳು.

"ತಪ್ಪಾತವ್ವ" ಎಂದೆ. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳು ಇರಲಿ ಬಿಡ್ರಿ ಎನ್ನಲಿಲ್ಲ. ಬೆಂಚಿನ ಮೇಲೆ ಒತ್ತರಿಸಿ ಜಾಗ ಮಾಡಿದಳು. "ಕುಂದರ್ರಿ" ಎಂದಳು. "ಆ ಕಪಾಟಿನ್ಯಾಗ ಇನ್ನ ಏನೇನಿತ್ತು, ಎಲ್ಲಾ ಹೇಳ್ರಿ."