ಈಚೆ ದಡ, ಆಚೆ ದಡ

ಅವನು ಹಲ್ಲಿನ ಸೆಟ್ ಮಾಡುವವನು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದ ವಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸುವುದು ಅವನ ಕೆಲಸ. ಊರಿನ ಅರ್ಧ ಮುದುಕರು ನಗುವುದು ನನ್ನ ಹಲ್ಲಿನಲ್ಲೇ ಎಂದು ಒಂದು ಕಾಲದಲ್ಲಿ ತಮಾಷೆ ಮಾಡುತ್ತಿದ್ದ. ಹೆಂಡತಿ ತೀರಿಹೋದ ಮೇಲೆ ಆ ಮಾತು ಅವನ ಬಾಯಲ್ಲಿ ಬರಲಿಲ್ಲ. ಹಿಂದೊಮ್ಮೆ ಅವಳು ಜಾರಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಾಗ ತೆಗೆದಿದ್ದ ಅಚ್ಚು ಅವನ ಕೆಲಸದ ಕೋಣೆಯ ಶೆಲ್ಫಿನಲ್ಲಿ ಇನ್ನೂ ಇತ್ತು. ಬೆಳಿಗ್ಗೆ ದೀಪ ಹಾಕಿದ ಕೂಡಲೇ ಅದು ಏನೋ ಹೇಳಲು ಹೊರಟ ಬಾಯಿಯ ಹಾಗೆ ಕಾಣುತ್ತಿತ್ತು. ಒಂದು ದಿನ ಅದರ ಮೇಲೆ ಬಟ್ಟೆ ಹೊದಿಸಿದ. ಮಾರನೆಯ ದಿನ ತಾನೇ ತೆಗೆದ.

ಭಾನುವಾರ ಮಧ್ಯಾಹ್ನ ಅವಳ ಅಪ್ಪ ಬರುತ್ತಿದ್ದರು. ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಟ್ಟವರಲ್ಲ. ಮಾವ ಅಳಿಯ ಊಟದ ಮೇಜಿನ ಮೇಲೆ ಯುದ್ಧದಾಟದ ನಕ್ಷೆ ಹಾಸಿ ಕೂರುತ್ತಿದ್ದರು. ನಕ್ಷೆಯ ತುಂಬ ಜೇನುಗೂಡಿನಂಥ ಆರು ಮೂಲೆಯ ಮನೆಗಳು, ನಡುವೆ ಒಂದು ನದಿ. ಒಂದೊಂದು ಕಾಯಿಯೂ ಒಂದೊಂದು ಪಡೆ. ಅವಳಿದ್ದಾಗ ಶುರುವಾದ ಅಭ್ಯಾಸ. ಅವಳು ಆಡುತ್ತಿರಲಿಲ್ಲ, ಜಗಳ ಹತ್ತಿದಾಗ ಅಡಿಗೆಮನೆಯಿಂದ ಬಂದು, ಇಬ್ಬರ ಮುಖವನ್ನೂ ನೋಡಿ, ತೀರ್ಪು ಹೇಳಿ ಹೋಗುತ್ತಿದ್ದಳು. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಈಗ ಅವಳಿಲ್ಲದೆ ಆಟ ನಡೆಯುತ್ತಿತ್ತು. ಬೇರೆ ಮಾತಾಡಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಅಂದು ಅಳಿಯನ ಕುದುರೆಪಡೆ ನದಿಗೆ ಬಂತು. ಅವನು ಕಾಯಿ ಎತ್ತಿ ಆಚೆ ಇಟ್ಟ. ಮಾವ ಅದನ್ನು ಬೆರಳಿನಿಂದ ವಾಪಸು ತಳ್ಳಿದರು.

“ನಿಯಮ ಓದಿ ಅಳಿಯಂದ್ರೇ.”

ಅವನು ಓದಿದ. ‘ನದಿ ಎದುರಾದ ಪಡೆ ಅಲ್ಲಿಗೆ ತನ್ನ ನಡೆ ಮುಗಿಸಬೇಕು.’

“ಅಲ್ಲಿಗೆ ಅಂದ್ರೆ? ನದಿ ಎಲ್ಲಿ ಸಿಕ್ತೋ ಅಲ್ಲಿಗೆ. ಈಚೆ ದಡ” ಅಂದರು ಮಾವ.

“ಈಚೆಯೇ ನಿಲ್ಲಬೇಕು ಅನ್ನೋದಾಗಿದ್ರೆ ಹಾಗಂತಲೇ ಬರೀತಿದ್ರು ಮಾವ. ದಾಟಿ, ಆಚೆ ನಿಲ್ಲಬೇಕು. ಅವಳೂ ಅದನ್ನೇ ಹೇಳಿದ್ಲು.”

“ಈಚೆ ಅಂದಿದ್ಲು. ನನ್ನ ಕಿವಿಯಾರೆ ಕೇಳಿದ್ದೀನಿ.”

“ನಂಗೆ ಆಚೆ ಅಂದ್ಲು.”

ಮಾವ ಕಾಯಿಯಿಂದ ಬೆರಳು ತೆಗೆದರು. “ಅವಳು ಹೇಳಿದ್ದು ನಿಮಗೆ ಯಾವತ್ತು ಕೇಳಿಸ್ತು?” ಅಂದರು.

ಅದು ನದಿಯ ಮಾತಲ್ಲವೆಂದು ಇಬ್ಬರಿಗೂ ತಕ್ಷಣ ಗೊತ್ತಾಯಿತು. ಅಡಿಗೆಮನೆಯಲ್ಲಿ ತೊಳೆದಿಟ್ಟ ತಟ್ಟೆಯೊಂದು ತಾನಾಗಿ ಜಾರಿ ಸದ್ದು ಮಾಡಿತು. ಇಬ್ಬರೂ ಬಾಗಿಲ ಕಡೆ ತಿರುಗಿದರು, ತಿರುಗಿದ್ದಕ್ಕೆ ನಾಚಿ ತಲೆ ತಗ್ಗಿಸಿದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಮಾವ ಅವನ ತೋಳು ಹಿಡಿದು, ಅವಳಿಗೆ ಆಪರೇಷನ್ ಬೇಡವಂತೆ, ಮನೆಗೆ ಕರ್ಕೊಂಡು ಹೋಗೋಣ ಎಂದಿದ್ದರು. ಮುದುಕರ ಅಂಜಿಕೆ ಎಂದುಕೊಂಡು ಅವನು ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದ. ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ.

“ನಂಗೆ ಮಾಡಿಸೋಣ ಅಂದಿದ್ಲು ಮಾವ” ಅಂದ ಅವನು. “ಹಿಂದಿನ ಸಂಜೆ. ನೀವು ಹೆದರಬೇಡಿ ರೀ, ಸರಿಹೋಗುತ್ತೆ, ಮಾಡಿಸಿಬಿಡೋಣ ಅಂದ್ಲು.”

“ನನ್ನ ಹತ್ರ ಬೇಡಪ್ಪ ಅಂದ್ಲು. ನನ್ನನ್ನ ಮನೆಗೆ ಕರ್ಕೊಂಡು ಹೋಗು ಅಂದ್ಲು. ಅದೇ ಸಂಜೆ. ನೀವು ಔಷಧಿ ತರೋಕೆ ಹೋಗಿದ್ರಿ.”

ಇನ್ನೊಬ್ಬರು ಹೇಳುವುದು ಸುಳ್ಳೆಂದು ಇಷ್ಟು ದಿನ ಇಬ್ಬರೂ ನಂಬಿದ್ದರು. ಮಾವ ನಿಯಮದ ಪುಸ್ತಕವನ್ನು ಮುಚ್ಚಿಟ್ಟರು.

“ಆಟದಲ್ಲಿ ಅವಳು ಪುಸ್ತಕ ನೋಡ್ತಾನೇ ಇರಲಿಲ್ಲ, ಅಲ್ವಾ?” ಅಂದರು. “ಯಾರ ಮುಖ ಬಾಡಿದೆ ಅಂತ ನೋಡೋಳು. ಅವರ ಕಡೆಗೆ ಹೇಳೋಳು. ನಂಗೆ ಈಚೆ ಅಂದಿದ್ದೂ ನಿಜ, ನಿಮಗೆ ಆಚೆ ಅಂದಿದ್ದೂ ನಿಜ.”

ಅವನಿಗೆ ಆಗ ಹೊಳೆಯಿತು. ಸೋಲುವವನಿಗೆ ಅವಳು ಕನಿಕರಿಸಿದ್ದು ಆಟದಲ್ಲಿ ಮಾತ್ರವಲ್ಲ. ಕತ್ತರಿಗೆ ಹೆದರಿದ ಅಪ್ಪನಿಗೆ ಬೇಡವೆಂದಳು, ಆಸೆ ಬಿಡಲಾರದ ಗಂಡನಿಗೆ ಬೇಕೆಂದಳು.

“ಹಾಗಾದ್ರೆ ಅವಳಿಗೇ ಏನು ಬೇಕಿತ್ತು ಮಾವ?”

“ನಾವು ಕೇಳಲಿಲ್ಲ. ನಮ್ಮ ಮುಖ ತೋರಿಸ್ಕೊಂಡು ಕೂತಿದ್ವಿ.”

ಮುಂದಿನ ಭಾನುವಾರ ಮಾವ ಬರಲಿಲ್ಲ. ಅಳಿಯ ನಕ್ಷೆ ಹಾಸಿಯೇ ಕಾದ. ಗೋಡೆಯಾಚೆಗಿನ ಮನೆಯಲ್ಲಿ ಯಾರೋ ಕೆಮ್ಮಿದಾಗಲೂ ಅವನಿಗೆ ಅವಳೇ ಗಂಟಲು ಸರಿಮಾಡಿಕೊಂಡಂತೆ ಕೇಳಿಸಿತು. ಅದರ ಮುಂದಿನ ವಾರ ಮಾವ ಬಂದರು, ತುಸು ಬಡವಾಗಿದ್ದರು. ಬಿಟ್ಟಲ್ಲಿಂದಲೇ ಆಟ ಶುರುವಾಯಿತು.

“ದಾಟಿಸಿ ಅಳಿಯಂದ್ರೇ. ಆಚೆಗೇ ಇಡಿ.”

“ಬೇಡ ಮಾವ, ನೀವಂದಿದ್ದೇ ಸರಿ. ಈಚೆ ಇರಲಿ.”

“ದಾಟಿಸಿ ಅಂದ್ನಲ್ಲ.”

“ಈಚೆ ಇರಲಿ ಅಂದೆ.”

ಅವಳು ಹೋದ ಮೇಲೆ ಮೊದಲ ಸಲ ಇಬ್ಬರಿಗೂ ನಗು ಬಂತು; ಬಂದಷ್ಟೇ ಬೇಗ ನಿಂತಿತು. ಮಾವ ಆಟದ ಪೆಟ್ಟಿಗೆಯ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು:

“ಆ ಬೆಳಿಗ್ಗೆ ಒಳಗೆ ಕರ್ಕೊಂಡು ಹೋಗುವಾಗ ನೀವು ಜೊತೆಗಿದ್ರಲ್ಲ. ಏನಾದ್ರೂ ಹೇಳಿದ್ಲಾ?”

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

“ಕನ್ನಡಕ ತೆಗೆದು ಕೊಟ್ಲು. ನೀವು ಈಗ ಸರಿಯಾಗಿ ಕಾಣಿಸ್ತಿಲ್ಲ, ಸ್ವಲ್ಪ ಹತ್ರ ಬನ್ನಿ ಅಂದ್ಲು. ಹೋದೆ. ಅಷ್ಟರಲ್ಲಿ ಬಾಗಿಲು ಹಾಕಿದ್ರು.”

ಮಾವ ತಲೆಯಾಡಿಸಿದರು. ತಮ್ಮ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತರು.